ಹಸಿರು ತ್ರಿಕೋನದ ಸುಳ್ಳು

ಮುಂಗಾರಿಗೆ ಮುಂಚಿನ ಮಳೆ ನಾಲ್ಕು ಹನಿ ಬಿದ್ದರೆ ಸಾಕು, ಜಲಂಧರದಿಂದ ಬಂದ ಬಿತ್ತನೆ ಆಲೂಗಡ್ಡೆಯ ಮೂಟೆಗಳು ಹಾಸನದ ಎಪಿಎಂಸಿ ಯಾರ್ಡಿನಿಂದ ಹೊರಟು ಹಾಸನ, ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರದ ಹಳ್ಳಿಗಳ ಜಗಲಿ ಸೇರುತ್ತವೆ. ಕಣ್ಣು ನೋಡಿ ಗೆಡ್ಡೆ ಕೊಯ್ಯುವವರು ಹೆಂಗಸರು. ಕೊಯ್ದ ಹೋಳನ್ನು ಎಂ-45 ಎಂಬ ಔಷಧಿ ಕಲಸಿದ ಹಳದಿ ನೀರಿಗೆ ಅದ್ದಿ ಎತ್ತುವವರೂ ಅವರೇ, ಬರಿಗೈಯಲ್ಲಿ. ಆಮೇಲೆ ಸಾಲಿಗೆ ಇಡುವುದು, ಕಳೆ ಕೀಳುವುದು, ಔಷಧಿ ಹೊಡೆಯುವ ಗಂಡಸಿನ ಡ್ರಮ್ಮಿಗೆ ನೀರು ಹೊರುವುದು, ಸಂಜೆ ಅವನ ಅಂಗಿ ಒಗೆಯುವುದು. ಶ್ರಾವಣದ ಮೋಡ ಕವಿದು ಅಂಗಮಾರಿ ರೋಗ ಕಾಣಿಸಿತೋ, ವಾರಕ್ಕೊಮ್ಮೆ, ಕೆಲವು ಸಲ ವಾರಕ್ಕೆರಡು ಸಲ ಪಂಪು ಹೊಲಕ್ಕಿಳಿಯುತ್ತದೆ. "ಏನೂ ಆಗಲ್ಲ ತಗಳ್ಳಕ್ಕ, ಹಸಿರು ಮಾರ್ಕಿಂದು" ಎಂದು ಗೊಬ್ಬರದ ಅಂಗಡಿಯವನು ಪೊಟ್ಟಣ ಕೊಡುತ್ತಾನೆ. ಅವನದೇನೂ ತಪ್ಪಿಲ್ಲ. ಸರ್ಕಾರವೇ ಹಾಗೆ ಮಾರ್ಕು ಹಾಕಿಸಿದೆ.

ಆ ಹಸಿರು ತ್ರಿಕೋನ ಏನು ಹೇಳುತ್ತದೆಂದು ಯಾರಾದರೂ ಈ ಹೆಂಗಸರಿಗೆ ಬಿಡಿಸಿ ಹೇಳಿದ್ದಾರೆಯೇ? ನಾನು ಹೇಳುತ್ತೇನೆ, ಕೇಳಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ನಾಲ್ಕು ಬಣ್ಣ: ಕೆಂಪು, ಹಳದಿ, ನೀಲಿ, ಹಸಿರು. ಒಂದೇ ಸಲಕ್ಕೆ ಎಷ್ಟು ತಿನ್ನಿಸಿದರೆ ಇಲಿಗಳಲ್ಲಿ ಅರ್ಧ ಸಾಯುತ್ತವೆ ಎಂಬುದೇ ಬಣ್ಣದ ಮುಖ್ಯ ಅಳತೆ. ಇಲಿಯ ಒಂದು ಕಿಲೋ ತೂಕಕ್ಕೆ 50 ಮಿಲಿಗ್ರಾಮಿನೊಳಗೆ ಸತ್ತರೆ ಕೆಂಪು. 5,000 ಮಿಲಿಗ್ರಾಂ ದಾಟಿದರೂ ಸಾಯದಿದ್ದರೆ ಹಸಿರು. ಅಷ್ಟೇ. ಕುಡಿದರೆ ಕೂಡಲೇ ಸಾಯುತ್ತೀಯೋ ಇಲ್ಲವೋ ಎಂಬ ಒಂದು ಪ್ರಶ್ನೆಗೆ ಅದು ಉತ್ತರ. ಹೊಟ್ಟೆಯಲ್ಲಿರುವ ಕೂಸಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಆ ಬಣ್ಣ ಕೇಳಿಯೇ ಇಲ್ಲ.

ಹಾಗಾದರೆ ಆ ಪ್ರಶ್ನೆಯನ್ನು ಯಾರೂ ಕೇಳಿಲ್ಲವೇ? ಕೇಳಿದ್ದಾರೆ. ನನ್ನ ಸಿಟ್ಟು ಇರುವುದೇ ಅಲ್ಲಿ. ಕೇಳಿದ್ದಾರೆ, ಉತ್ತರ ಪಡೆದಿದ್ದಾರೆ, ಕಡತದಲ್ಲಿಟ್ಟು ದಾರ ಕಟ್ಟಿದ್ದಾರೆ.

ಆ ಪರೀಕ್ಷೆ ನಡೆಯುವ ರೀತಿ ಹೀಗೆ. ಬಸುರಾದ ಹೆಣ್ಣಿಲಿಗಳನ್ನು ನಾಲ್ಕು ಗುಂಪು ಮಾಡುತ್ತಾರೆ. ಗುಂಪಿಗೆ ಸುಮಾರು 20. ಒಂದು ಗುಂಪಿಗೆ ವಿಷವಿಲ್ಲ. ಉಳಿದ ಮೂರಕ್ಕೆ ಕಮ್ಮಿ, ನಡುಮಟ್ಟ, ಹೆಚ್ಚು. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಂಡ ದಿನದಿಂದ ಹೆರಿಗೆಯ ಹಿಂದಿನ ದಿನದವರೆಗೆ ಪ್ರತಿದಿನ ಗಂಟಲಿಗೆ ಕೊಳವೆ ಇಳಿಸಿ ರಾಸಾಯನಿಕ ಕುಡಿಸುತ್ತಾರೆ. ಹೆರಲು ಬಿಡುವುದಿಲ್ಲ. ಹಿಂದಿನ ದಿನವೇ ಕೊಂದು, ಹೊಟ್ಟೆ ಕೊಯ್ದು, ಮರಿಗಳನ್ನು ಹೊರತೆಗೆಯುತ್ತಾರೆ. ಎಷ್ಟು ಬದುಕಿವೆ, ಎಷ್ಟು ಒಳಗೇ ಕರಗಿವೆ, ತೂಕವೆಷ್ಟು, ತುಟಿ ಸೀಳಿದೆಯೇ, ಬಾಲ ಇದೆಯೇ, ಎಲ್ಲ ಬರೆದಿಡುತ್ತಾರೆ. ಅರ್ಧ ಮರಿಗಳ ಎಲುಬಿಗೆ ಕೆಂಪು ಬಣ್ಣ ಹಿಡಿಸಿ ಒಂದೊಂದು ಪಕ್ಕೆಲುಬನ್ನೂ ಎಣಿಸುತ್ತಾರೆ. ಇನ್ನರ್ಧದ ಮಿದುಳು, ಹೃದಯ, ಕಣ್ಣುಗಳನ್ನು ನೋಡುತ್ತಾರೆ. ಒಂದು ಪರೀಕ್ಷೆಗೆ 80 ತಾಯಿ, ಸಾವಿರದ ಹತ್ತಿರ ಮರಿ. ಇದು ಓಇಸಿಡಿ ದೇಶಗಳು 1981ರಲ್ಲಿ ಒಪ್ಪಿ, ತಿದ್ದುತ್ತಾ ಬಂದ 414ನೇ ಮಾರ್ಗಸೂಚಿ. ಇಲಿ ಸಾಲದೆಂದು ಮೊಲದ ಮೇಲೂ ಮಾಡುತ್ತಾರೆ.

ಇದು ದೂರದ ಜರ್ಮನಿ, ಜಪಾನಿನಲ್ಲಷ್ಟೇ ನಡೆಯುವುದೆಂದುಕೊಳ್ಳಬೇಡಿ. ನಮ್ಮ ಬೆಂಗಳೂರಿನ ಪ್ರಯೋಗಾಲಯಗಳಲ್ಲೂ ನಡೆಯುತ್ತದೆ. 2011ರಿಂದ ಭಾರತದ ಪ್ರಮಾಣೀಕೃತ ಪ್ರಯೋಗಾಲಯಗಳ ವರದಿಯನ್ನು ಓಇಸಿಡಿ ದೇಶಗಳೆಲ್ಲ ಒಪ್ಪಲೇಬೇಕು. ಬಸುರಿ ಇಲಿಗೆ ಏನಾಯಿತೆಂದು ಬೆಂಗಳೂರಿನಲ್ಲಿ ಬರೆದ ವರದಿ ಯೂರೋಪಿನ ಅಧಿಕಾರಿಯ ಮೇಜಿಗೆ ತಲುಪುತ್ತದೆ. ಮೂರೂವರೆ ಗಂಟೆ ಬಸ್ಸಿನ ದಾರಿಯಾದ ಹಾಸನದ ಹೊಲಕ್ಕೆ ಮಾತ್ರ ತಲುಪುವುದಿಲ್ಲ.

ಎಂ-45 ಎಂದು ನಾವು ಕರೆಯುವ ಮ್ಯಾಂಕೊಜೆಬ್ ಮೈಯೊಳಗೆ ಹೋದ ಮೇಲೆ, ಬಿಸಿಲಿಗೆ, ಬೆಂಕಿಯ ಮೇಲಿನ ಪಾತ್ರೆಯಲ್ಲಿ ಒಡೆದು ಎಥಿಲೀನ್ ಥಯೋಯೂರಿಯಾ ಆಗುತ್ತದೆ. ಇಟಿಯು ಎಂದು ಅದರ ಗಿಡ್ಡ ಹೆಸರು. ಕೆನಡಾದ ಖೇರಾ ಎಂಬ ವಿಜ್ಞಾನಿ 1973ರಲ್ಲೇ ಅದನ್ನು ಬಸುರಿ ಇಲಿಗಳಿಗೆ ಕೊಟ್ಟು ನೋಡಿದರು. ಮರಿಗಳ ಮಿದುಳು, ಬೆನ್ನುಹುರಿ ಮುಚ್ಚಿಕೊಳ್ಳಲಿಲ್ಲ. ತಲೆಯಲ್ಲಿ ನೀರು ತುಂಬಿಕೊಂಡಿತು. ತಾಯಿ ಇಲಿಗಳಿಗೆ ಏನೂ ಆಗಿರದ ಪ್ರಮಾಣದಲ್ಲೂ ಮರಿಗಳು ಕೆಟ್ಟಿದ್ದವು. ತಾಯಿ ಚೆನ್ನಾಗಿದ್ದಾಳೆ, ಕೂಸು ಚೆನ್ನಾಗಿಲ್ಲ. ಹಸಿರು ತ್ರಿಕೋನ ಕಾಣದೆ ಹೋದದ್ದು ಇದನ್ನೇ. 1973! ಅಂದು ಹೊಲದಲ್ಲಿ ಗೆಡ್ಡೆ ಅದ್ದುತ್ತಿದ್ದವಳು ಇಂದು ಮುತ್ತಜ್ಜಿ. ಅವಳಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ, ಮೊಮ್ಮಗಳಿಗೂ ಹೇಳುತ್ತಿಲ್ಲ.

ಹೇಳಿ ಎಂದರೆ ಕಂಪನಿಗಳ, ಅಧಿಕಾರಿಗಳ ಬಳಿ ಸಿದ್ಧ ಉತ್ತರವಿದೆ: "ಇಲಿಗೆ ಆದದ್ದು ಮೊಲಕ್ಕೆ ಅಷ್ಟಾಗಿ ಆಗಲಿಲ್ಲವಲ್ಲ, ಮನುಷ್ಯರಿಗೆ ಆಗುತ್ತದೆಂದು ಹೇಗೆ ಹೇಳುತ್ತೀರಿ?" ಈ ವಾದದ ಹುಟ್ಟೂರು ನೋಡಿ. 1957ರಲ್ಲಿ ಜರ್ಮನಿಯ ಕಂಪನಿಯೊಂದು ಥಾಲಿಡೊಮೈಡ್ ಮಾತ್ರೆ ಬಿಟ್ಟಿತು. ನಿದ್ದೆಗೆ, ಬಸುರಿಯರ ಓಕರಿಕೆಗೆ ಒಳ್ಳೆಯದೆಂದಿತು. ಎಷ್ಟು ಕೊಟ್ಟರೂ ಇಲಿ ಸಾಯುವುದಿಲ್ಲ, ಅದಕ್ಕೇ ಸುರಕ್ಷಿತ ಎಂದಿತು. 1961ರ ನವೆಂಬರಿನಲ್ಲಿ ಮಾತ್ರೆ ವಾಪಸ್ಸು ಪಡೆಯಿತು. ಅದರಿಂದ ಕೈಕಾಲು ಕುಂದಿ ಹುಟ್ಟಿದ ಮಕ್ಕಳು ಜಗತ್ತಿನಲ್ಲಿ ಒಟ್ಟು ಹತ್ತು ಸಾವಿರ ದಾಟುತ್ತಾರೆಂಬ ಅಂದಾಜಿದೆ. ಆಮೇಲೆ ಬಸುರಿ ಪ್ರಾಣಿಗಳಿಗೆ ಕೊಟ್ಟು ನೋಡಿದರೆ ಇಲಿಗೆ ಅದು ಅಷ್ಟಾಗಿ ತಟ್ಟಲಿಲ್ಲ, ಮೊಲದ ಮರಿಗಳು ಮಾತ್ರ ಮನುಷ್ಯರ ಮಕ್ಕಳ ಹಾಗೇ ಅಂಗ ಕಳೆದುಕೊಂಡವು. ಎರಡು ಜಾತಿ ಪ್ರಾಣಿಗಳ ಮೇಲೆ ಪರೀಕ್ಷೆ ಬೇಕೆಂಬ ಕಟ್ಟಳೆ ಹುಟ್ಟಿದ್ದು ಆ ಮಕ್ಕಳ ಬೆಲೆ ಕೊಟ್ಟು. ಎರಡರಲ್ಲಿ ಯಾವುದು ಕೂಗಿದರೂ ಎಚ್ಚರಾಗಬೇಕೆಂದು ಮಾಡಿದ ಕಟ್ಟಳೆ ಅದು. ಈಗ ಅದನ್ನೇ ತಿರುಗಿಸಿ ಹಿಡಿದಿದ್ದಾರೆ. ಇಲಿಗೆ ಏನೂ ಆಗದಿದ್ದರೆ "ನೋಡಿ, ಸುರಕ್ಷಿತ." ಇಲಿಗೆ ಆದರೆ "ಮನುಷ್ಯ ಇಲಿಯಲ್ಲ." ಎರಡು ಕಡೆಯೂ ಗೆಲ್ಲುವುದು ವ್ಯಾಪಾರ.

ಯೂರೋಪಿನವರು ಈ ಆಟ ನಿಲ್ಲಿಸಿದರು. ಸಂತಾನಕ್ಕೆ ವಿಷ, ಹಾರ್ಮೋನಿನ ಕೆಲಸ ಕೆಡಿಸುತ್ತದೆ ಎಂಬ ಕಾರಣಕ್ಕೆ 2020ರ ಡಿಸೆಂಬರಿನಲ್ಲಿ ಮ್ಯಾಂಕೊಜೆಬ್ ಪರವಾನಗಿಯನ್ನು ನವೀಕರಿಸಲಿಲ್ಲ. ಅದೇ 2020ರ ಮೇ ತಿಂಗಳಲ್ಲಿ ನಮ್ಮ ಕೇಂದ್ರ ಸರ್ಕಾರಕ್ಕೂ ಒಂದು ಗಳಿಗೆ ಜ್ಞಾನೋದಯವಾಗಿತ್ತು. 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿತು. ಅದರಲ್ಲಿ ಮ್ಯಾಂಕೊಜೆಬ್ ಇತ್ತು. ಕ್ಲೋರ್‌ಪೈರಿಫಾಸ್ ಇತ್ತು. ನಮ್ಮ ಕಡೆ ಶುಂಠಿ ಬೀಜ ಅದ್ದಲು ಬಳಸುವ ಕಾರ್ಬೆಂಡಜಿಮ್ ಇತ್ತು. ಕಂಪನಿಗಳು ಬೊಬ್ಬೆ ಹೊಡೆದವು. ಸಮಿತಿ ಕೂತಿತು. 2023ರಲ್ಲಿ ಆದೇಶ ಹೊರಬಿದ್ದಾಗ 27ರ ಪೈಕಿ ಪೂರ್ತಿ ನಿಷೇಧಕ್ಕೆ ಉಳಿದದ್ದು ಮೂರು: ಡೈಕೊಫಾಲ್, ಡೈನೊಕ್ಯಾಪ್, ಮೆಥೊಮಿಲ್. ಮ್ಯಾಂಕೊಜೆಬನ್ನು ಸೀಬೆಗೆ ಬೇಡ, ಜೋಳಕ್ಕೆ ಬೇಡ, ಮರಗೆಣಸಿಗೆ ಬೇಡ ಎಂದರು. ಆಲೂಗಡ್ಡೆಗೆ ಇರಲಿ ಎಂದರು. ಯಾವ ಬೆಳೆಗೆ ಅದನ್ನು ವಾರವಾರ ಸುರಿಯುತ್ತಾರೋ ಆ ಬೆಳೆಯನ್ನು ಬಿಟ್ಟು ಬೇರೆ ಮೂರಕ್ಕೆ ಕತ್ತರಿ ಹಾಕುವುದಕ್ಕೆ ಸಮಿತಿ ಯಾಕೆ ಬೇಕಿತ್ತು?

ಕ್ಲೋರ್‌ಪೈರಿಫಾಸ್ ಕತೆ ಇನ್ನೂ ನಾರುತ್ತದೆ. ಗೆದ್ದಲಿಗೆ, ಗೆಡ್ಡೆ ಕೊರೆಯುವ ಹುಳಕ್ಕೆ, ಗೊಣ್ಣೆಹುಳಕ್ಕೆ ನಾವು ಸುರಿಯುವ ಔಷಧಿ ಅದು. ಬಸುರಿ ಇಲಿಗೆ ಕೊಟ್ಟರೆ ಹುಟ್ಟುವ ಮರಿಯ ಮಿದುಳಿಗೆ ಏನಾಗುತ್ತದೆಂದು 1998ರಲ್ಲಿ ಕಂಪನಿಯೇ ಪರೀಕ್ಷೆ ಮಾಡಿಸಿ, ಚಿಂತೆಗೆ ಕಾರಣವಿಲ್ಲವೆಂದು ವರದಿ ಕೊಟ್ಟಿತ್ತು. ಇಪ್ಪತ್ತು ವರ್ಷ ಆ ವರದಿಯ ಮೇಲೆ ಜಗತ್ತು ನಂಬಿಕೆಯಿಟ್ಟಿತು. 2018ರಲ್ಲಿ ಆಕ್ಸೆಲ್ ಮೀ, ಕ್ರಿಸ್ಟಿನಾ ರುಡೆನ್, ಫಿಲಿಪ್ ಗ್ರಾಂಜೀನ್ ಎಂಬ ಸ್ವತಂತ್ರ ಸಂಶೋಧಕರು ಮೂಲ ಅಂಕಿಗಳನ್ನು ತೆಗೆದು ನೋಡಿದರು. ಮೂರೂ ಪ್ರಮಾಣಗಳಲ್ಲಿ, ಅತಿ ಕಮ್ಮಿ ಪ್ರಮಾಣದಲ್ಲೂ, ಮರಿಗಳ ಕಿರುಮಿದುಳು ಕುಗ್ಗಿತ್ತು. ಅಂಕಿ ವರದಿಯೊಳಗೇ ಇತ್ತು, ತೀರ್ಮಾನದಲ್ಲಿ ಇರಲಿಲ್ಲ. ಯೂರೋಪು 2020ರಲ್ಲಿ ಅದನ್ನು ಹೊರಗಟ್ಟಿತು. ಅದೇ ಮೀ ಮತ್ತು ರುಡೆನ್ 2023ರಲ್ಲಿ ಇನ್ನೊಂದು ಲೆಕ್ಕ ಬಿಚ್ಚಿಟ್ಟರು: ಮರಿಗಳ ಮಿದುಳಿನ ಬಗ್ಗೆ ಕಂಪನಿಗಳು ಅಮೆರಿಕಕ್ಕೆ ಒಪ್ಪಿಸಿದ 35 ಅಧ್ಯಯನಗಳಲ್ಲಿ 9ನ್ನು ಯೂರೋಪಿಗೆ ತೋರಿಸಿರಲೇ ಇಲ್ಲ. ಅಷ್ಟು ಕಾವಲಿರುವ ಯೂರೋಪಿಗೇ ಹೀಗೆ ಮುಚ್ಚಿಡುವವರು ಹೊಳೆನರಸೀಪುರದ ರೈತನಿಗೆ ಸತ್ಯ ಹೇಳುತ್ತಾರೆಯೇ?

ಇಲ್ಲಿ ಇನ್ನೊಂದು ಮೋಸವಿದೆ, ಅದು ಕಾಗದದ ಮೋಸ. ಇಲಿಗೆ ಏನೂ ಆಗದ ಪ್ರಮಾಣ ಕಂಡುಕೊಂಡು, ಅದನ್ನು 100ರಿಂದ ಭಾಗಿಸಿ, ಮನುಷ್ಯರಿಗೆ ಇಷ್ಟು ಆಗಬಹುದು ಎನ್ನುತ್ತಾರೆ. ಪರೀಕ್ಷೆ ಒಂದೊಂದೇ ರಾಸಾಯನಿಕದ್ದು. ನಮ್ಮ ಡ್ರಮ್ಮಿನಲ್ಲಿ ಕಲಸುವುದು ಮೂರು, ನಾಲ್ಕು. ಕಾಗದದ ಮೇಲಿನ ಕೂಲಿಯಾಳು ಕೈಗವಸು, ಬೂಟು, ಮುಖವಾಡ ಹಾಕಿಕೊಂಡಿರುತ್ತಾನೆ. ನಮ್ಮ ಹೊಲದ ಕೂಲಿಯಾಳು ಕಡ್ಡಿ ಸಿಗದಿದ್ದರೆ ಕೈಯಲ್ಲೇ ಕಲಸುತ್ತಾನೆ, ಅದೇ ಕೈಯಲ್ಲಿ ಬೀಡಿ ಹಚ್ಚುತ್ತಾನೆ. ಬೆವರು, ಸೆಕೆ, ಒದ್ದೆ ಅಂಗಿ ಯಾವ ಲೆಕ್ಕದಲ್ಲೂ ಇಲ್ಲ.

ಪೊಟ್ಟಣದೊಳಗೆ ಮಡಚಿಟ್ಟ ಕರಪತ್ರದಲ್ಲಿ ಎಚ್ಚರಿಕೆ ಇದೆಯಲ್ಲ ಎನ್ನುವವರಿದ್ದಾರೆ. ಇರುವೆ ಸಾಲಿನಂಥ ಅಕ್ಷರ, ಐದಾರು ಭಾಷೆ. ಆಗಲಿ, ಬಸುರಿಯರು ಇದನ್ನು ಮುಟ್ಟಬಾರದೆಂದು ದಪ್ಪಕ್ಷರದಲ್ಲೇ ಹಾಕಿದರೆನ್ನೋಣ. ಬಸುರಿ ಎಂದು ಅವಳಿಗೆ ಗೊತ್ತಾಗುವುದು ಯಾವಾಗ? ಬಸಿರು ಕಟ್ಟಿದ 28 ದಿನದೊಳಗೆ ಕೂಸಿನ ಮಿದುಳು, ಬೆನ್ನುಹುರಿಯಾಗುವ ನಾಳ ಮುಚ್ಚಿ ಮುಗಿದಿರುತ್ತದೆ. ಆ ಹೊತ್ತಿಗೆ ಅವಳ ಮುಟ್ಟು ತಪ್ಪಿ ಹೆಚ್ಚೆಂದರೆ ಎರಡು ವಾರ. ಬಿತ್ತನೆಯ ದುಡಿಮೆಗೆ ತಡವಾಗಿರಬೇಕು ಎಂದುಕೊಂಡಿರುತ್ತಾಳೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಹೆಸರು ಬರೆದುಕೊಂಡು ತಾಯಿ ಕಾರ್ಡು ಕೊಡುವ ಹೊತ್ತಿಗೆ ಕೆಡಬೇಕಾದದ್ದು ಕೆಟ್ಟಿರುತ್ತದೆ, ಉಳಿಯಬೇಕಾದದ್ದು ಉಳಿದಿರುತ್ತದೆ. ಆ ಕಾರ್ಡಿನಲ್ಲಿ ತೂಕಕ್ಕೆ ಜಾಗವಿದೆ, ರಕ್ತದೊತ್ತಡಕ್ಕಿದೆ, ಹಿಮೋಗ್ಲೋಬಿನ್‌ಗಿದೆ. ಯಾವ ಹೊಲದಲ್ಲಿ ಏನು ಮುಟ್ಟಿದೆ ತಾಯಿ ಎಂದು ಕೇಳುವ ಒಂದು ಗೆರೆಯಿಲ್ಲ. ಬೆನ್ನುಹುರಿಯ ದೋಷ ಬರಬಾರದೆಂದು ಸರ್ಕಾರವೇ ಫೋಲಿಕ್ ಆಮ್ಲದ ಗುಳಿಗೆ ಕೊಡುತ್ತದೆ. ಇಲಿಯ ಬೆನ್ನುಹುರಿ ಸೀಳಿದ ವಿಷದ ತಾಯಿಯನ್ನು ಸರ್ಕಾರವೇ ಹಸಿರು ಬಣ್ಣ ಹಾಕಿ ಮಾರಲು ಬಿಡುತ್ತದೆ.

ಈ ಅದ್ದುವ ಕೆಲಸಕ್ಕೆ ಕೂರುವ ಹೆಂಗಸರು ಯಾರು? ಜಮೀನ್ದಾರರ ಮನೆಯ ಸೊಸೆ ನೀರು ನಿಂತರೆ ತವರಿಗೆ ಹೋಗುತ್ತಾಳೆ, ಹಾಸನದ ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನಿಂಗ್ ಆಗುತ್ತದೆ. ಕಾಲೋನಿಯ ಹೆಣ್ಣು, ಭೂಮಿಯಿಲ್ಲದವರ ಮನೆಯ ಹೆಣ್ಣು ಏಳನೇ ತಿಂಗಳಿಗೂ ಸಾಲಿನಲ್ಲಿ ಬಗ್ಗಿರುತ್ತಾಳೆ. "ಔಷಧಿ ಮುಟ್ಟಲ್ಲ ಕಣಣ್ಣ" ಎಂದರೆ ನಾಳೆಯಿಂದ ಕೂಲಿಗೆ ಕರೆಯುವುದಿಲ್ಲ. ಆಲೂಗಡ್ಡೆ ಹೊಲದಲ್ಲಷ್ಟೇ ಅಲ್ಲ, ಅರಕಲಗೂಡಿನ ರಾಮನಾಥಪುರ, ಕೊಣನೂರು ಕಡೆ ಬನ್ನಿ. ಇಬ್ಬನಿ ಆರದ ಹೊಗೆಸೊಪ್ಪನ್ನು ಮುರಿಯುವಾಗ ಎಲೆಯ ನಿಕೋಟಿನ್ ಒದ್ದೆ ತೊಗಲಿನ ಮೂಲಕ ಮೈಗಿಳಿಯುತ್ತದೆ, ತಲೆಸುತ್ತು, ವಾಂತಿ. ಅದು ಮಾಸು ದಾಟಿ ಕೂಸಿಗೂ ಹೋಗುತ್ತದೆ. ಸಿಗರೇಟು ಪ್ಯಾಕಿನ ಮೇಲೆ ಸೇದುವವನಿಗಾಗಿ ಭಯಂಕರ ಚಿತ್ರ ಹಾಕಿಸಿದ ಸರ್ಕಾರ, ಸೊಪ್ಪು ಮುರಿದು ಬ್ಯಾರನ್ನಿಗೆ ಕಟ್ಟುವ ಬಸುರಿಗೆ ಒಂದು ಬೋರ್ಡು ಹಾಕಿಸಲಿಲ್ಲ. ಹರಾಜು ಕಟ್ಟೆಯಲ್ಲಿ ಸೊಪ್ಪಿನ ದರ್ಜೆ ಕಟ್ಟುತ್ತಾರೆ. ಕಟ್ಟಿದವಳ ಹೊಟ್ಟೆಗೆ ಯಾವ ದರ್ಜೆ?

"ಇದೆಲ್ಲ ಇಲಿಯ ಕತೆ, ಮನುಷ್ಯರಲ್ಲಿ ಸಾಬೀತಾಗಿದೆಯೇ?" ಎಂದು ಟೈ ಕಟ್ಟಿದವರು ಕೇಳುತ್ತಾರೆ. ಸಾಬೀತು ಮಾಡಲು ಅಳೆಯಬೇಕು ಸ್ವಾಮಿ. ಕೋಸ್ಟರಿಕಾದ ಬಾಳೆತೋಟಗಳ ಮೇಲೆ ವಿಮಾನದಲ್ಲಿ ಮ್ಯಾಂಕೊಜೆಬ್ ಸುರಿಯುತ್ತಿದ್ದಾಗ ಅಲ್ಲಿಯ ಸಂಶೋಧಕರು 451 ಬಸುರಿಯರ ಮೂತ್ರ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಬೇರೆಡೆಯ ಸಾಮಾನ್ಯ ಜನರಲ್ಲಿ ಕಂಡದ್ದಕ್ಕಿಂತ ಐದು ಪಟ್ಟು ಹೆಚ್ಚು ಇಟಿಯು ಇತ್ತು. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಸೋಮನಹಳ್ಳಿ ಕಾವಲಿನಲ್ಲಿ ಆಲೂಗಡ್ಡೆ ಸಂಶೋಧನೆಯ ಕೇಂದ್ರವಿದೆ, ಪ್ರತಿ ಬಸುರಿಯ ಮೂತ್ರವನ್ನು ಹೇಗೂ ಪರೀಕ್ಷೆಗೆ ತೆಗೆದುಕೊಳ್ಳುತ್ತಾರೆ. ಇನ್ನೇನು ಬೇಕು? ಪ್ರಧಾನಿಯನ್ನೇ ಕೊಟ್ಟ ಜಿಲ್ಲೆಗೆ ಒಂದು ಸೀಸೆ ಮೂತ್ರ ಅಳೆಸುವ ತಾಕತ್ತಿಲ್ಲವೇ?

ಅಳೆಯದೆ ಬಿಟ್ಟರೆ ಏನಾಗುತ್ತದೆಂದು ನಮ್ಮ ಕನ್ನಡದ ನೆಲವೇ ತೋರಿಸಿದೆ. ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದಾಗ ಮೊದಲು ಕೂಗಿದ್ದು ಕೊಟ್ಟಿಗೆ. 1979ರ ಹೊತ್ತಿಗೇ ಕಾಲು ತಿರುಚಿದ ಕರುಗಳು ಹುಟ್ಟಿದವು. ಯಾರ ಅನುಮತಿಯೂ ಇಲ್ಲದೆ, ಯಾವ ಮಾರ್ಗಸೂಚಿಯೂ ಇಲ್ಲದೆ ಬಸುರಿ ಹಸುಗಳ ಮೇಲೆ ನಡೆದ ಪರೀಕ್ಷೆ ಅದು. ಪತ್ರಕರ್ತ ಶ್ರೀ ಪಡ್ರೆ 1981ರಲ್ಲೇ ಬರೆದರು. ವಾಣೀನಗರದ ವೈದ್ಯ ವೈ.ಎಸ್. ಮೋಹನ ಕುಮಾರ್ ಒಂದೇ ಊರಿನಲ್ಲಿ ಇಷ್ಟು ಬುದ್ಧಿಮಾಂದ್ಯ, ಇಷ್ಟು ಅಂಗವೈಕಲ್ಯ ಯಾಕೆಂದು ಕೇಳುತ್ತಲೇ ಹೋದರು. ಸುರಿಯುವುದು ನಿಂತದ್ದು 2000ದಲ್ಲಿ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಮಕ್ಕಳ ರಕ್ತ ತೆಗೆದು, ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿದೆಯೆಂದು 2003ರಲ್ಲಿ ಪ್ರಕಟಿಸಿತು. ಮರುವರ್ಷವೇ ಸರ್ಕಾರದ ಮಾಯೀ ಸಮಿತಿ ಎಂಡೋಸಲ್ಫಾನಿಗೂ ರೋಗಕ್ಕೂ ನಂಟಿಲ್ಲವೆಂದಿತು. ಶಿರಾಡಿ ಘಾಟಿ ಇಳಿದರೆ ನಮಗೆ ಸಿಗುವ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಇದೇ ಕತೆ. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದಿತು. ಕರುವಿನ ಕಾಲು ತಿರುಚಿದ ದಿನದಿಂದ ಆ ದಿನಕ್ಕೆ ಮೂವತ್ತೆಂಟು ವರ್ಷ!

ರಾಜ್ಯ ಸರ್ಕಾರವೇ ನಿಷೇಧಿಸಲಿ ಎನ್ನುತ್ತೀರಾ? 1968ರ ಕೀಟನಾಶಕ ಕಾಯಿದೆ ಓದಿ. ವಿಷವೊಂದರಿಂದ ಜನರಿಗೆ ಅಪಾಯವೆಂದು ಕಂಡರೆ ರಾಜ್ಯ ತಡೆಹಿಡಿಯಬಹುದಾದದ್ದು 60 ದಿನ, ತನಿಖೆ ಮುಗಿಯದಿದ್ದರೆ ಇನ್ನು 30 ದಿನ. ಅಷ್ಟರಲ್ಲಿ ಒಂದು ಆಲೂಗಡ್ಡೆ ಬೆಳೆ ಕೈಗೆ ಬಂದರೆ ಹೆಚ್ಚು, ಕೂಸಿನ ಒಂಬತ್ತು ತಿಂಗಳಂತೂ ದೂರದ ಮಾತು. ಅದೇ ಕಾಯಿದೆಯಲ್ಲಿ ಕಂಪನಿಗಳಿಗೆ ಬಾಗಿಲು ಅಗಲವಾಗಿದೆ. ಒಬ್ಬ ನೋಂದಾಯಿಸಿದ ರಾಸಾಯನಿಕವನ್ನು ಇನ್ನೊಬ್ಬ ಅದೇ ಷರತ್ತಿನ ಮೇಲೆ 9(4)ರಡಿ ನೋಂದಾಯಿಸಬಹುದು. ತಡೆಯಲು ದಿನ ಎಣಿಸುವ ಕಾನೂನು, ಮಾರಲು ಅವಧಿ ಕೇಳುವುದಿಲ್ಲ.

ನನ್ನ ಊರಿನ ರೈತರೇ, ಈ ಸಿಟ್ಟು ನಿಮ್ಮ ಮೇಲಲ್ಲ. ಸಾಲ ಮಾಡಿ ಬಿತ್ತಿದ ಹೊಲ ಅಂಗಮಾರಿಗೆ ಮೂರೇ ದಿನದಲ್ಲಿ ಸುಟ್ಟಂತೆ ಕರಗಿ ನಾರುವುದನ್ನು ನಾನೂ ನೋಡಿದ್ದೇನೆ. ಔಷಧಿ ಹೊಡೆಯದೆ ಏನು ಮಾಡಲಿ ಎಂಬ ನಿಮ್ಮ ಪ್ರಶ್ನೆ ನ್ಯಾಯದ್ದು. ಆದರೆ ಅದನ್ನು ನನಗಲ್ಲ, ಸರ್ಕಾರಕ್ಕೆ ಕೇಳಿ. ಕುಫ್ರಿ ಜ್ಯೋತಿ ಆಲೂಗಡ್ಡೆ 1968ರಲ್ಲಿ ಬಂದಾಗ ಅಂಗಮಾರಿ ತಡೆಯುವ ತಳಿಯೆಂದೇ ಬಂತು. ಆ ಶಕ್ತಿ ಕಳೆದು ಎಷ್ಟೋ ಕಾಲವಾದ ಮೇಲೂ ಅದನ್ನೇ ಜಲಂಧರದಿಂದ ತರಿಸಿ ನಿಮ್ಮ ಕೈಗೆ ಕೊಟ್ಟವರು ಯಾರು? ರೋಗ ತಡೆಯುವ ಕುಫ್ರಿ ಹಿಮಾಲಿನಿಯಂಥ ತಳಿ ಇದ್ದರೂ ಅದರ ಬೀಜ ಬೇಕಾದಷ್ಟು, ಕೈಗೆಟುಕುವ ಬೆಲೆಗೆ ಸಿಗದಂತೆ ಮಾಡಿದವರು ಯಾರು? ಬೀಜದ ದಾರಿ ಮುಚ್ಚಿ ವಿಷದ ದಾರಿ ತೆರೆದಿಟ್ಟರೆ ರೈತ ಯಾವ ದಾರಿಯಲ್ಲಿ ನಡೆಯಬೇಕು?

ಆದ್ದರಿಂದ ಸರ್ಕಾರವನ್ನು ಬೇಡುವುದಿಲ್ಲ, ಕೇಳುತ್ತೇವೆ. ಫರೀದಾಬಾದಿನ ಕೀಟನಾಶಕ ನೋಂದಣಿ ಸಮಿತಿಯ ಕಪಾಟಿನಲ್ಲಿರುವ ಬಸುರಿ ಇಲಿ, ಮೊಲಗಳ ವರದಿಗಳೆಲ್ಲ ಹೊರಬರಲಿ. ಅದರ ಸಾರ ಕನ್ನಡದಲ್ಲಿ ಪ್ರತಿ ಗೊಬ್ಬರದ ಅಂಗಡಿಯ ಗೋಡೆಯ ಮೇಲೆ ಬರಲಿ. ಭ್ರೂಣಕ್ಕೆ ಹಾನಿ ಮಾಡುವ ರಾಸಾಯನಿಕದ ಪೊಟ್ಟಣದಿಂದ ಹಸಿರು ಬಣ್ಣ ಕೀಳಿ, ಬಸುರಿಯ ಚಿತ್ರ ಹಾಕಿ. ತಾಯಿ ಕಾರ್ಡಿನಲ್ಲಿ ಹೊಲದ ವಿಷಕ್ಕೊಂದು ಗೆರೆ ಬರೆಯಿರಿ, ಹುಟ್ಟುದೋಷಗಳ ಲೆಕ್ಕವನ್ನು ತಾಲ್ಲೂಕುವಾರು ಇಡಿ. ಮದುವೆಯಾದ ಹೆಣ್ಣು ಯಾವ ದಿನ ಬಸುರಿಯಾಗುತ್ತಾಳೋ ಗೊತ್ತಿಲ್ಲವಾದ್ದರಿಂದ ಯಾವ ಹೆಣ್ಣಿನ ಬರಿಗೈಯೂ ಆ ನೀರಿಗೆ ಇಳಿಯಬಾರದು; ಇಳಿಸಲು ಒಪ್ಪದವಳ ಕೂಲಿ ಕಡಿಯಬಾರದು.

ಬಸುರಿ ಇಲಿಗೆ ಪ್ರಯೋಗಾಲಯದಲ್ಲಿ ಒಂದು ನಂಬರಿದೆ. ಅದರ ಮರಿಯ ಪಕ್ಕೆಲುಬಿಗೂ ಲೆಕ್ಕವಿದೆ. ಕಾಲೋನಿಯ ಬಸುರಿಗೆ ಅಷ್ಟೂ ಇಲ್ಲ. ಅವಳಿಗೆ ಹೇಳುವ ಮನಸ್ಸಿಲ್ಲದಿದ್ದರೆ ಆ ಇಲಿಗಳನ್ನು ಕೊಲ್ಲುವುದನ್ನಾದರೂ ನಿಲ್ಲಿಸಿ. ಸತ್ಯ ತಿಳಿದ ಮೇಲೂ ಮುಚ್ಚಿಡುವುದಕ್ಕೆ ಪರೀಕ್ಷೆ ಎನ್ನುವುದಿಲ್ಲ. ಹಾಸನದ ಹೊಲದಲ್ಲಿ ಐವತ್ತು ವರ್ಷದಿಂದ ನಡೆಯುತ್ತಿರುವುದೇ ನಿಜವಾದ ಪರೀಕ್ಷೆ. ಅದರಲ್ಲಿ ಇಲಿಗಳ ಜಾಗದಲ್ಲಿರುವುದು ನಮ್ಮ ಹೆಂಗಸರು, ಮತ್ತು ಅದರ ಫಲಿತಾಂಶ ಬರೆದುಕೊಳ್ಳಲು ನೀವು ಒಬ್ಬ ಗುಮಾಸ್ತನನ್ನೂ ನೇಮಿಸಿಲ್ಲ.